ನೇತ್ರಾವತಿಯ ಮೂರು ನೆರೆಗಳು

ಮಂಗಳೂರಿನಿಂದ ಮೂಡಣಕ್ಕೆ ಹೊರಟ ಹೆದ್ದಾರಿಯು ಪಾಣೆಮಂಗಳೂರು, ಕಲ್ಲಡ್ಕಗಳನ್ನು ದಾಟಿ ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ದಾರಿಯು ಉಪ್ಪಿನಂಗಡಿಯ ಮೇಲಾಗಿ ಶಿರಾಡಿ ಘಾಟಿಯನ್ನೇರಿ ಬೆಂಗಳೂರಿಗೂ, ಇನ್ನೊಂದು ಪುತ್ತೂರು ಸುಳ್ಯಗಳ ಮೇಲಾಗಿ ಸಂಪಾಜೆ ಘಾಟಿಯನ್ನೇರಿ ಮಡಿಕೇರಿ ಮೈಸೂರುಗಳಿಗೂ ಹೋಗುವುದು. ೨೦೧೮ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಜರಿದು ಈ ಎರಡು ದಾರಿಗಳೂ ಒಮ್ಮೆಗೇ ಮುಚ್ಚಿಹೋದುವು. ಮರುವರ್ಷ ಚಾರ್ಮಾಡಿ ಘಾಟಿಯ ಸರದಿ ಬಂದಿತು. ಇಂತಹ ಉತ್ಪಾತಗಳು ನಮ್ಮ ನಾಡಿಗೆ ಹೊಸವೇ? ಹಳೆಯವೇ ಆದರೆ, ಅಂದಿನದಕ್ಕೂ ಇಂದಿನದಕ್ಕೂ ಭೇದವೇನು? ಇದನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿದ ನೇತ್ರಾವತಿಯು ಬೆಳ್ತಂಗಡಿಯ ಸೀಮೆಯ ತೋಡು ಹೊಳೆಗಳನ್ನೆಲ್ಲ ಕೂಡಿಸಿಕೊಂಡು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೊಡನೆ ಸಂಗಮಿಸಿ, ಬಂಟ್ವಾಳವನ್ನು ಹಾದು ಕಡಲನ್ನು ಸೇರುವುದು. ಮಳೆಗಾಲದಲ್ಲಿ ಎರಡು ನದಿಗಳ ನೀರೂ ಉಕ್ಕಿ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ಒಂದನ್ನೊಂದು ಮುಟ್ಟಿದರೆ, ಅದನ್ನು ಸಂಗಮವೆಂದು ಕರೆದು ಗಂಗಾಪೂಜೆ ಮಾಡುವ ವಾಡಿಕೆಯುಂಟು. ನೆರೆಯನ್ನು ಶತ್ರುವೆಂದು ದೂರದೆ, ಬಂದು ಹೋಗುವ ದೇವತೆಯೆಂದು ಮನ್ನಿಸಿದ ಜನ ನಮ್ಮವರು. ನೆರೆಯ ಮೇಲೆ ಅವರಿಗಿದ್ದ ಈ ಸಲಿಗೆಗೆ ಕಾರಣವಿತ್ತು. ಅದು ಬರುವ ಕಾಲವನ್ನೂ ನಿಲ್ಲುವ ಸ್ಥಳವನ್ನೂ ಅವರು ಬಲ್ಲವರಾಗಿದ್ದರು.

ಆ ಅರಿವನ್ನೂ ಮೀರಿ ಬಂದ ನೆರೆಯು ೧೯೨೩ನೆಯ ಇಸವಿಯದು. ಆ ವರ್ಷ ಆಗಸ್ಟ್ ೭ರಂದು ಉಕ್ಕಿದ ನೇತ್ರಾವತಿಯನ್ನು ತುಳುವರು ‘ಮಾರಿಬೊಳ್ಳ’ವೆಂದು ಕರೆದರು. ಬೊಳ್ಳವೆಂದರೆ ನೆರೆ, ಅದಕ್ಕೆ ಮಾರಿಯ ಹೆಸರು ಕೂಡಿದುದರಿಂದಲೇ ಅಂದಿನ ಭಯವನ್ನು ಊಹಿಸಬಹುದು. ದೋಣಿಗಳ ವ್ಯಾಪಾರದಿಂದ ಬೆಳೆದ ಬಂಟ್ವಾಳ ಪಾಣೆಮಂಗಳೂರುಗಳ ಪೇಟೆಗಳು ನದಿಯ ಅಂಚಿನಲ್ಲಿಯೇ ಇದ್ದುವು. ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದುವು. ಏಣೆಲು ಬೆಳೆಯ ನಾಟಿ ಮುಗಿದ ಕಾಲವಾದುದರಿಂದ ಬೈಲುಗದ್ದೆಗಳ ಒಕ್ಕಲಿಗೆ ವರ್ಷದ ಅನ್ನವೇ ಹೋದಂತಾಯಿತು. ಇದು ಸಂಭವಿಸಿದುದು ಆಟಿ ತಿಂಗಳಲ್ಲೆಂಬುದನ್ನು ಮರೆಯಬಾರದು. ಪಣತ ಬರಿದಾಗಿ, ತಜಂಕು ಕೆಸುಗಳ ಸೊಪ್ಪಿನಿಂದ ದಿನ ನೂಕುತ್ತಿದ್ದ ತಿಂಗಳದು. ಮುಂದೆ ಬಹುಕಾಲ ಹಿರಿಯರು ತಮ್ಮ ವಯಸ್ಸನ್ನು ಹೇಳುವಾಗ ಮಾರಿಬೊಳ್ಳವನ್ನೇ ಶಕೆಯಾಗಿಟ್ಟು ಎಣಿಸುತ್ತಿದ್ದರು.

ಐವತ್ತೊಂದು ವರ್ಷಗಳ ಮೇಲೆ, ೧೯೭೪ನೆಯ ಇಸವಿ ಜುಲೈ ೨೬ರಂದು, ಎರಡನೆಯ ದೊಡ್ಡ ನೆರೆ ಬಂದಿತು. ಬಂಟ್ವಾಳದ ಪೇಟೆ ಪುನಃ ಮುಳುಗಿತು. ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದುದು ಅದೇ ವರ್ಷದ ಮಾರ್ಚ್ ೧ರಂದು. ಚಾಲಗೇಣಿಯ ಒಕ್ಕಲು ತಾನು ಉಳುವ ನೆಲ ತನ್ನದಾಗುವುದೆಂದು ಆಸೆಗೊಂಡ ಮೊದಲ ಮಳೆಗಾಲದಲ್ಲಿಯೇ ಹೊಳೆಯ ಬದಿಯ ನೆಲ ನೀರಿನಡಿಗೆ ಹೋಯಿತು. ಆದರೂ ನೀರು ಇಳಿದ ಮೇಲೆ ಗದ್ದೆಯು ಗದ್ದೆಯಾಗಿಯೇ ಉಳಿಯಿತು. ಮುಂದಿನ ವರ್ಷ ಉತ್ತರು, ನಟ್ಟರು.

ಮೂರನೆಯದು ೨೦೧೯ನೆಯ ಇಸವಿ ಆಗಸ್ಟ್ ೯ರದು. ಇದರ ರೀತಿಯೇ ಬೇರೆ. ಹಿಂದಿನ ಎರಡು ನೆರೆಗಳ ಕಥೆ ಮುಖ್ಯವಾಗಿ ಕೆಳಗಿನ ಪೇಟೆಗಳ ಕಥೆ. ಇದಾದರೋ ಘಟ್ಟದ ಬುಡದ ಕಥೆ. ಬೆಳ್ತಂಗಡಿ ತಾಲೂಕಿನ ಮೇಲಣ ಗ್ರಾಮಗಳಲ್ಲಿ ಗುಡ್ಡಗಳೇ ಬಾಯಿಬಿಟ್ಟುವು. ಮೃತ್ಯುಂಜಯ ಹೊಳೆಯು ಕಲ್ಲು, ಕೆಸರು, ಬೇರುಸಹಿತ ಕಿತ್ತ ಮರಗಳನ್ನು ಹೊತ್ತುತಂದು ಚಾರ್ಮಾಡಿಯ ಕಡೆಯ ತೋಟ ಮನೆಗಳ ಮೇಲೆ ಸುರಿಯಿತು. ನೀರು ಇಳಿದ ಮೇಲೆ ನೋಡಿದರೆ ಗದ್ದೆ ಇದ್ದಲ್ಲಿ ಮರಳುಗಾಡು, ತೋಟವಿದ್ದಲ್ಲಿ ಮರದ ದಿಮ್ಮಿಗಳ ರಾಶಿ. ನೀರು ಕೊಂಡುಹೋದ ಬೆಳೆಯನ್ನು ಮರುವರ್ಷ ಬೆಳೆಯಬಹುದು. ಮಣ್ಣೇ ಹೋದರೆ ಏನು ಮಾಡುವುದು?

ಇಲ್ಲಿ ವಿವೇಚನೆ ಅಗತ್ಯ. ಮಳೆಯೆಲ್ಲವೂ ಹವಾಮಾನ ಬದಲಾದುದರ ಫಲವೆಂದು ಹೇಳುವುದು ಸಾಹಸವಾದೀತು. ೧೯೨೩ರ ಮಾರಿಬೊಳ್ಳವೇ ಅದಕ್ಕೆ ಸಾಕ್ಷಿ. ಆದರೆ ಶಾಸ್ತ್ರಜ್ಞರು ಸಿದ್ಧಪಡಿಸಿದ ಸಂಗತಿಗಳನ್ನು ಅಲ್ಲಗಳೆಯುವುದೂ ಸಲ್ಲದು. ಕಲ್ಲಿದ್ದಲು ಎಣ್ಣೆಗಳನ್ನುರಿಸಿದ ಹೊಗೆಯಿಂದಲೂ ಕಾಡುಗಳ ನಾಶದಿಂದಲೂ ಭೂಮಿಯ ಸರಾಸರಿ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಒಂದು ಡಿಗ್ರಿಗೂ ಮಿಕ್ಕಿ ಏರಿದೆ. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಅರಬೀ ಸಮುದ್ರವೂ ಬಿಸಿಯೇರುತ್ತಿದೆ. ಆದುದರಿಂದ ತಿಂಗಳಿಡೀ ಹನಿಹನಿಯಾಗಿ ಬೀಳಬೇಕಾದ ಮಳೆಯು ಕೆಲವೇ ದಿನಗಳಲ್ಲಿ ಕೊಡದಲ್ಲಿ ಹೊಯ್ದಂತೆ ಸುರಿಯುವ ಸಂಭವ ಹೆಚ್ಚಿದೆ. ಘಟ್ಟದ ಇಳಿಜಾರನ್ನು ರಸ್ತೆಗೂ ಕಟ್ಟಡಕ್ಕೂ ಕಡಿದಲ್ಲಿ ಅಂತಹ ಮಳೆ ಬಿದ್ದರೆ ಮಣ್ಣು ನಿಲ್ಲುವುದೆಂತು?

ಮಳೆಯ ಮನೆಯೆಂದು ಹೆಸರಾದ ಈ ಜಿಲ್ಲೆಯು ಬೇಸಗೆಯಲ್ಲಿ ನೀರಿಗಾಗಿ ಬಾಯಾರುವುದು ಇದೇ ವಿಷಯದ ಮತ್ತೊಂದು ಮುಖ. ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ, ೨೦೧೬ರ ಬೇಸಗೆಯಲ್ಲಿಯೂ ನೆರೆ ಬಂದ ೨೦೧೯ರ ಬೇಸಗೆಯಲ್ಲಿಯೂ ಮಂಗಳೂರು ನಗರಕ್ಕೆ ದಿನ ಗೊತ್ತುಮಾಡಿ ನೀರು ಬಿಡಬೇಕಾಯಿತು. ಮೇ ತಿಂಗಳಲ್ಲಿ ನೀರಿಲ್ಲದ ನದಿಯೇ ಆಗಸ್ಟಿನಲ್ಲಿ ಮನೆಗಳನ್ನು ಕೊಚ್ಚಿತು. ಇದು ನೀರಿನ ಕೊರತೆಯಲ್ಲ, ನೀರು ನಿಲ್ಲುವ ತಾವಿನ ಕೊರತೆ ಎಂಬುದು ಸ್ಪಷ್ಟ.

ಆ ತಾವುಗಳನ್ನು ಪೂರ್ವಿಕರು ಕಲ್ಪಿಸಿದ್ದರು. ೧೮೦೧ನೆಯ ಇಸವಿಯಲ್ಲಿ ಬಂಟ್ವಾಳದ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ತುಳುನಾಡಿನ ಬತ್ತದ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಬೆಟ್ಟಿನ ನೀರು ಮಜಲಿಗೆ, ಮಜಲಿನದು ಬೈಲಿಗೆ. ಒಂದೊಂದು ಗದ್ದೆಯೂ ಮಳೆಯನ್ನು ತಡೆದು ಕೆಳಗಿನದಕ್ಕೆ ಮೆಲ್ಲನೆ ಒಪ್ಪಿಸುವ ಒಂದೊಂದು ಕೆರೆಯೇ ಆಗಿದ್ದಿತು. ಗುಡ್ಡದ ತಗ್ಗಿನಲ್ಲಿ ಮದಕಗಳಿದ್ದುವು. ಮಳೆ ನಿಂತೊಡನೆ ಸುಗ್ಗಿ ಕೊಳಕೆಗಳ ಬೆಳೆಗಾಗಿ ಊರವರೆಲ್ಲ ಕೂಡಿ ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟುತ್ತಿದ್ದರು. ಕಳೆದ ಐವತ್ತು ವರ್ಷಗಳಲ್ಲಿ ಬತ್ತದ ಬೇಸಾಯವು ಗಿಟ್ಟದೆ ಗದ್ದೆಗಳು ಅಡಿಕೆಯ ತೋಟಗಳಾದುವು. ಕೊಳವೆಬಾವಿ ಬಂದ ಮೇಲೆ ಕಟ್ಟಗಳು ಬೇಡವಾದುವು. ಮದಕಗಳಲ್ಲಿ ಹೂಳು ತುಂಬಿತು. ಒಕ್ಕಲನ್ನು ಇದಕ್ಕಾಗಿ ದೂರುವುದು ಅನ್ಯಾಯ. ಅನ್ನ ಹುಟ್ಟದ ಗದ್ದೆಯಲ್ಲಿ ಅವನು ಹಣ ಹುಟ್ಟುವ ಗಿಡವನ್ನು ನಟ್ಟನು. ಆದರೆ ಅಡಿಕೆಯೂ ಈಗ ನಿಶ್ಚಿಂತೆಯ ಬೆಳೆಯಲ್ಲ. ಮಳೆ ಎಡೆಬಿಡದೆ ಸುರಿದರೆ ಬೋರ್ಡೋ ದ್ರಾವಣ ಸಿಂಪಡಿಸಲು ಬಿಸಿಲೇ ದೊರಕದು. ೨೦೧೮ರಲ್ಲಿ ಹೀಗೆಯೇ ಮಹಾಳಿ ರೋಗವು ತೋಟತೋಟಗಳ ಫಸಲನ್ನು ನೆಲಕ್ಕೆ ಉದುರಿಸಿತು. ಬೇಸ್ಯ ತಿಂಗಳ ಹತ್ತರ ಪತ್ತನಾಜೆಗೆ ಕೋಲ, ಬಯಲಾಟಗಳನ್ನು ಮುಗಿಸಿ ಮಳೆಗೆ ಅಣಿಯಾಗುತ್ತಿದ್ದ ರೈತನಿಗೆ ಇಂದು ಪಂಚಾಂಗವೂ ಆಕಾಶವೂ ಒಂದೇ ಮಾತನ್ನಾಡುತ್ತಿಲ್ಲ.

ಹಾಗಾದರೆ ಉಪಾಯವೇನು? ಲೋಕದ ಹೊಗೆಯನ್ನು ಒಂದು ತಾಲೂಕು ನಿಲ್ಲಿಸಲಾರದು. ಆದರೆ ತನ್ನ ಅಂಗಳದ ನೀರನ್ನು ನಿಲ್ಲಿಸಬಲ್ಲುದು. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮಾಡಿಕೊಂಡೇ, ಹಲವು ಬಾರಿ ಸೋತರೂ ಬಿಡದೆ, ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು ಬೋಳುನೆಲವನ್ನು ತೋಟಮಾಡಿದರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಕಟ್ಟ ಮದಕಗಳ ಪುನರುದ್ಧಾರದ ವಿಷಯವಾಗಿ ಶ್ರೀ ಪಡ್ರೆಯವರು ‘ಅಡಿಕೆ ಪತ್ರಿಕೆ’ಯಲ್ಲಿ ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ಮಾದರಿಗಳಿಗೆ ಕೊರತೆಯಿಲ್ಲ, ಒಕ್ಕಟ್ಟಿಗೆ ಕೊರತೆ. ಒಬ್ಬನು ಸುರಂಗ ಕೊರೆಯಬಹುದು. ತೋಡಿನ ಕಟ್ಟಕ್ಕೆ ಎರಡೂ ದಡದವರ ಕೈ ಕೂಡಬೇಕು, ಗುಡ್ಡದ ನೆತ್ತಿಯ ಕಾಡನ್ನು ಉಳಿಸುವುದಕ್ಕೆ ಊರೇ ಕೂಡಬೇಕು.

ಓದುಬರಹ ಬಲ್ಲ ಮನೆಗಳಿಗೆ ಇನ್ನೊಂದು ಕರ್ತವ್ಯವೂ ಉಂಟು. ೧೯೨೩ರ ನೆರೆಯನ್ನು ಕಣ್ಣಾರೆ ಕಂಡ ತಲೆಮಾರು ತೀರಿಹೋಯಿತು. ೧೯೭೪ರದನ್ನು ಕಂಡವರು ಮುದುಕರಾಗಿದ್ದಾರೆ. ನೀರು ಯಾವ ಮನೆಯ ಯಾವ ಮೆಟ್ಟಲಿನವರೆಗೆ ಏರಿತು, ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತಿತ್ತು, ಯಾವ ತೋಡಿಗೆ ಎಲ್ಲಿ ಕಟ್ಟವಿತ್ತು ಎಂಬುದನ್ನು ಅವರಿಂದ ಕೇಳಿ ಬರೆದಿಡಬೇಕು. ಅಂಗಳದಲ್ಲೊಂದು ಮಳೆಮಾಪಕವನ್ನಿಟ್ಟು ದಿನದಿನದ ಲೆಕ್ಕವನ್ನು ಬರೆಯಬೇಕು. ನೆರೆಯ ಗುರುತನ್ನು ಮರೆತ ಊರು, ನೀರು ಏರುತ್ತಿದ್ದ ಸ್ಥಳದಲ್ಲಿಯೇ ಮನೆ ಕಟ್ಟುವುದು. ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯಲ್ಲಿ ತೋಟದ ಪತ್ರದೊಡನೆ ಈ ಲೆಕ್ಕದ ಪುಸ್ತಕವೂ ಒಂದಿರಲಿ.