ಜೈಲಿನ ಚೆಸ್ ಬೋರ್ಡು, ನಮ್ಮ ಆಫೀಸಿನ ಫಾರ್ಮು

ಡೊಂಬಿವಲಿ, ಕಲ್ಯಾಣದಿಂದ ಐರೋಲಿ ಕಡೆ ಕೆಲಸಕ್ಕೆ ಹೋಗೋ ನಾವು ಥಾಣೆಯಲ್ಲಿ ಟ್ರೇನ್ ಬದಲಿಸ್ತೀವಲ್ಲ, ಅದೇ ಊರಲ್ಲಿ ಒಂದು ಹಳೇ ಕೋಟೆಯಿದೆ. 1730ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು. 1737ರಲ್ಲಿ ಮರಾಠರ ವಶವಾಯಿತು, 1774ರಲ್ಲಿ ಇಂಗ್ಲಿಷರ ಪಾಲಾಯಿತು. ಈಗ ಅದೇ ಥಾಣೆ ಸೆಂಟ್ರಲ್ ಜೈಲು. ಗೋಡೆ ಮನುಷ್ಯನನ್ನು ತಡೆಯುತ್ತೆ, ನಿಜ. ತಿದ್ದೋಕೆ ಇನ್ನೊಬ್ಬ ಮನುಷ್ಯನೇ ಬೇಕು. ಇದಕ್ಕೆ ಮಹಾರಾಷ್ಟ್ರದ್ದೇ ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಔಂಧ್ ಸಂಸ್ಥಾನದ್ದು. ನಮ್ಮ ಕನ್ನಡದ ಜತ್ತ ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಆಟಪಾಡಿ ಅಂತ ಊರಿದೆ. ಅದರ ಹತ್ತಿರ, 1930ರ ದಶಕದ ಕೊನೆಗೆ, ಸ್ವತಂತ್ರಪುರ ಅನ್ನೋ ಬಯಲು ಬಂದೀಖಾನೆ ಶುರುವಾಯಿತು. ಗೋಡೆಯಿಲ್ಲ, ಕೈದಿಗಳು ಹೊಲ ಮಾಡಬೇಕು. ಇದರ ಹಿಂದಿದ್ದ ಮಾರಿಸ್ ಫ್ರೈಡ್‌ಮನ್ ಯಾರು ಗೊತ್ತೇ? ಪೋಲೆಂಡ್ ಮೂಲದ ಇಂಜಿನಿಯರ್, ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ನಡೆಸಿದವರು! ವಿ. ಶಾಂತಾರಾಮ್ 1957ರಲ್ಲಿ ತೆಗೆದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಈ ಪ್ರಯೋಗವೇ ಪ್ರೇರಣೆ. ಆರು ಕೈದಿಗಳ ಹನ್ನೆರಡು ಕೈ, ಅವರ ಜೊತೆಗೇ ಬದುಕೋ ಒಬ್ಬ ಜೈಲರನ ಎರಡು ಕಣ್ಣು.

ಎರಡನೆಯದು ಇತ್ತೀಚಿನದು. 2021ರ ಆಗಸ್ಟ್ 15ರಂದು ಇಂಡಿಯನ್ ಆಯಿಲ್ ಕಂಪನಿ ‘ಪರಿವರ್ತನ್’ ಹೆಸರಲ್ಲಿ ಜೈಲುಗಳಲ್ಲಿ ಆಟ ಕಲಿಸೋಕೆ ಶುರು ಮಾಡಿತು. ಪುಣೆಯ ಯೆರವಡಾ ಜೈಲಿಗೆ ಚೆಸ್ ಬಂತು, ಜೊತೆಗೆ ಗ್ರ್ಯಾಂಡ್‌ಮಾಸ್ಟರ್ ಅಭಿಜಿತ್ ಕುಂಟೆ ಬಂದರು. ಕೈದಿಗಳಿಗಾಗಿ ನಡೆಯೋ ಅಂತರರಾಷ್ಟ್ರೀಯ ಆನ್‌ಲೈನ್ ಚೆಸ್ ಪಂದ್ಯಾವಳಿಯಲ್ಲಿ ಯೆರವಡಾ ತಂಡ 2022ರಲ್ಲಿ ಕಂಚು, 2023ರಲ್ಲಿ ಚಿನ್ನ ಗೆದ್ದಿತು. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದ ನಮ್ಮ ಮಹಿಳಾ ತಂಡದ ನಾಯಕರೂ ಇದೇ ಕುಂಟೆ. ದೇಶದ ತಂಡ ನಡೆಸೋ ಗುರು ತನ್ನೆದುರು ಬಂದು ಕೂತು ಆಡಿದರೆ, ವರ್ಷಗಟ್ಟಲೆ ಬರೀ ನಂಬರ್ ಆಗಿದ್ದವನಿಗೆ ಏನನ್ನಿಸಬಹುದು, ಯೋಚಿಸಿ.

ಚೆಸ್ಸೇ ಯಾಕೆ? ಬೋರ್ಡಿನ ಮೇಲೆ ಕಾಯಿ ಮುಟ್ಟಿದರೆ ನಡೆಸಲೇಬೇಕು. ಹಾಗಾಗಿ ಕೈಗಿಂತ ಮೊದಲು ತಲೆ ಓಡಬೇಕು. ಸೋತರೆ, ಎಲ್ಲಿ ತಪ್ಪಿತು ಅಂತ ನಡೆ ನಡೆಯಾಗಿ ಹಿಂದಕ್ಕೆ ಹೋಗಿ ನೋಡಬಹುದು. ನಾವು ಪ್ರೊಡಕ್ಷನ್ ಬಗ್ ಬಂದಾಗ ಲಾಗ್ ನೋಡಲ್ವಾ, ಹಾಗೇ. ಕೋಪದ ಒಂದು ಗಳಿಗೆಯಲ್ಲಿ ಬದುಕು ಕೆಡಿಸಿಕೊಂಡವನಿಗೆ ಇದು ಸಣ್ಣ ಪಾಠವಲ್ಲ.

ಆದರೆ ಬಿಡುಗಡೆಯಾದ ಮೇಲೆ? ಅಲ್ಲಿ ನಾವೇ ಬರ್ತೀವಿ. ನಮ್ಮ ಕಂಪನಿಗಳ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಫಾರ್ಮಿನಲ್ಲಿ ಕೇಸಿನ ಕಾಲಂ ಇರುತ್ತೆ, ಪದಕದ ಕಾಲಂ ಇರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದ್ರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಆ ಕಾಲಂಗೆ ಈ ವ್ಯತ್ಯಾಸ ಗೊತ್ತಾಗುತ್ತಾ?

ಥಾಣೆ, ಕಲ್ಯಾಣದ ಆಧಾರವಾಡಿ, ನವಿ ಮುಂಬೈಯ ತಳೋಜಾ, ಮೂರೂ ಜೈಲುಗಳು ನಮ್ಮ ಮನೆ-ಆಫೀಸುಗಳ ಸುತ್ತಲೇ ಇವೆ. ನಿಮ್ಮಲ್ಲಿ ಎಷ್ಟೋ ಜನ ಈಗ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀರಿ. ಮುಂದಿನ ಸಲ ಅಂಥ ಫೈಲ್ ಬಂದರೆ ಪಕ್ಕಕ್ಕೆ ಸರಿಸೋ ಮೊದಲು ಕೇಳಿ: ಆರೋಪವೋ, ಶಿಕ್ಷೆಯೋ? ಎಷ್ಟು ವರ್ಷದ ಹಿಂದಿನದು? ಆಮೇಲೆ ಈತ ಏನು ಕಲಿತ? ಕಾಮೆಂಟ್‌ನಲ್ಲಿ ನಿಮ್ಮ ಅಭಿಪ್ರಾಯ ಬರೀರಿ. ಮತ್ತೆ ಸಿಗೋಣ.