ಲಿಂಕನ್ ಗೆದ್ದಾಗ ನಮ್ಮ ಹತ್ತಿ

ಅಮೆರಿಕದ ಎಲೆಕ್ಷನ್ ಬಂತೆಂದರೆ ನಾವೆಲ್ಲ ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನೋಡುತ್ತೇವೆ... ಯಾರು ಗೆದ್ದರೆ ನಮಗೇನು ಅಂತ. ದೇವದುರ್ಗ, ಮಾನ್ವಿ ಕಡೆಯ ಎರೆಹೊಲದವರು ಮಾತ್ರ ಹಾಗೆ ಅನ್ನುವಂತಿಲ್ಲ. ಹತ್ತಿ ಇದೆಯಲ್ಲ!

1860ರ ನವೆಂಬರಿನಲ್ಲಿ ಲಿಂಕನ್ ಗೆದ್ದರು. ಅದೇ ವರ್ಷ ರಾಯಚೂರು ದೋಆಬ್ ಬ್ರಿಟಿಷರ ಕೈಯಿಂದ ಮತ್ತೆ ನಿಜಾಮರಿಗೆ ಹೋಯಿತು. ಇಲ್ಲಿ ಲಿಂಕನ್ ಹೆಸರು ಯಾರಿಗೆ ಗೊತ್ತಿತ್ತೋ! ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳು ಒಡೆದು ನಿಂತವು, 1861ರಲ್ಲಿ ಯುದ್ಧ, ಬಂದರುಗಳಿಗೆ ದಿಗ್ಬಂಧನ. ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿಯೇ ಇಲ್ಲ. ಮುಂಬೈಯಲ್ಲಿ ದರ ಏರಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ದರವೂ ಬಿತ್ತು. ಅಂದ ಹಾಗೆ, ರಾಯಚೂರಿಗೆ ರೈಲು ಬಂದದ್ದು 1871ಕ್ಕೆ. ಸುಗ್ಗಿ ಮುಗಿದ ಮೇಲೆ ಗಾಡಿ :)

2024ರ ನವೆಂಬರಿನಲ್ಲಿ ಟ್ರಂಪ್ ಮತ್ತೆ ಗೆದ್ದರು. 2025ರ ಆಗಸ್ಟಿನಲ್ಲಿ ಬಟ್ಟೆಯೂ ಸೇರಿ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ. 50 ಸುಂಕ ಬಿತ್ತು. ಜವಳಿ ಗಿರಣಿಗಳಿಗೆ ಆಸರೆಯಾಗಲೆಂದು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ. 11ರ ಸುಂಕವನ್ನೇ ಡಿಸೆಂಬರ್ ಕೊನೆಯತನಕ ತೆಗೆದುಹಾಕಿತು. ಇಲ್ಲಿ ಹತ್ತಿ ಬಿಡಿಸುವುದೂ ಅದೇ ಹೊತ್ತಿಗೆ! ರಾಯಚೂರು ಎಪಿಎಂಸಿಗೆ ಗಾಡಿ ಹೂಡಿಕೊಂಡು ಬಂದವರು ಆ ವರ್ಷ ಸುಂಕವಿಲ್ಲದ ಪರದೇಶದ ಹತ್ತಿಯ ಜೊತೆ ಪೈಪೋಟಿಗೆ ಇಳಿಯಬೇಕಾಯಿತು.