ಜೋಸೆಫ್ಸ್ ಶಾಲೆಯ ಮೈದಾನ ಮತ್ತು ಬೇಲಿ ಆಚೆಯ ಹುಡುಗರು

ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ರಾಹುಲ್ ದ್ರಾವಿಡ್ ಬಗ್ಗೆ ಪೋಸ್ಟ್ ಬಂದಾಗೆಲ್ಲ ಕೆಳಗಡೆ ಒಂದೇ ಮಾತು: ಶಿಸ್ತು, ಸಂಸ್ಕಾರ, ತಾಳ್ಮೆ. ಟೆಸ್ಟ್‌ನಲ್ಲಿ 13,288 ರನ್ ಹೊಡೆದ ಮನುಷ್ಯನ ತಾಳ್ಮೆಯನ್ನ ನಾನು ಯಾಕೆ ಅಲ್ಲಗಳೆಯಲಿ? ಅವರ ಆಟ ನೋಡೋಕೆ ಪರೀಕ್ಷೆ ಹಿಂದಿನ ದಿನವೂ ಟಿವಿ ಮುಂದೆ ಕೂತವನು ನಾನು. ಆದರೆ ಆ ತಾಳ್ಮೆ ಬೆಳೆಯೋಕೆ ಒಂದು ಶಾಲೆ ಇತ್ತು, ಆ ಶಾಲೆಗೆ ಒಂದು ಮೈದಾನ ಇತ್ತು. ಮೈದಾನಕ್ಕೂ ಒಂದು ಚರಿತ್ರೆ ಇರುತ್ತೆ. ಅದನ್ನ ಯಾರೂ ಬರೆಯಲ್ಲ.

ಶಾಲೆ ಬೆಂಗಳೂರು ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲ್. 1858ರಲ್ಲಿ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಪಾದ್ರಿಗಳು ಶುರು ಮಾಡಿದ್ದು. ಬಹುಕಾಲ ಅದರ ಹೆಸರೇ 'ಯುರೋಪಿಯನ್ ಹೈಸ್ಕೂಲ್'. ದಂಡಿನ ಯುರೋಪಿಯನ್ನರ, ಆಂಗ್ಲೋ-ಇಂಡಿಯನ್ನರ ಮಕ್ಕಳಿಗೆ ಅಂತ ಇದ್ದ ಶಾಲೆ. 1904ರಲ್ಲಿ ಈ ದೇಶದ ಮಕ್ಕಳಿಗೆ ಅಂತ ಬೇರೆ 'ಇಂಡಿಯನ್ ಹೈಸ್ಕೂಲ್' ಆಯ್ತು, ಈಗ ವಿಟ್ಠಲ್ ಮಲ್ಯ ರಸ್ತೆಯಲ್ಲಿದೆ. 1937ರಲ್ಲಿ ಫ್ರೆಂಚ್ ಪಾದ್ರಿಗಳ ಜಾಗಕ್ಕೆ ಯೇಸು ಸಭೆಯವರು ಬಂದರು. ಸಂತ ಒಬ್ಬನೇ, ಬಡಗಿ ಕೆಲಸದ ಜೋಸೆಫ್. ಶಾಲೆಯ ಧ್ಯೇಯವಾಕ್ಯ ನಂಬಿಕೆ ಮತ್ತು ದುಡಿಮೆ. ದುಡಿಯೋನ ಹೆಸರಲ್ಲಿ ಕಟ್ಟಿದ ಶಾಲೆಗೂ ಎರಡು ಬಾಗಿಲು ಬೇಕಾಯ್ತು ನೋಡಿ.

ಈಗ ಮೂರನೇ ಬಾಗಿಲಿನ ಮಾತು. ದಂಡು ಅಂದ್ರೆ ಬರೀ ದೊರೆಗಳಲ್ಲ. ಕುದುರೆ ನೋಡೋರು, ಅಡುಗೆಯೋರು, ಚರ್ಮದ ಕೆಲಸದೋರು, ಮಲ ಹೊರೋರು, ಮೂಟೆ ಹೊರೋರು, ಎಲ್ಲ ಸೇರಿದ್ರೇನೇ ದಂಡು. ತಮಿಳು ಸೀಮೆಯಿಂದ ಪಲ್ಟನ್ ಹಿಂದೆ ಬಂದ ನಮ್ಮ ಜನ ಹಲಸೂರಿನ ಸುತ್ತ ಕೇರಿ ಕಟ್ಕೊಂಡರು. ಅಲ್ಲಿನ ಗೌತಮಪುರಕ್ಕೆ ಹೋಗಿ ನೋಡಿ. ಬಾಬಾಸಾಹೇಬರು, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಫುಟ್‌ಬಾಲ್ ಆಟಗಾರ ಪೆಲೆಯದ್ದೂ ಇದೆ. ಬೆಂಗಳೂರಲ್ಲಿ ಅದನ್ನ 'ಪುಟ್ಟ ಬ್ರೆಜಿಲ್' ಅಂತಾರೆ. ನನ್ನ ಮಟ್ಟಿಗೆ ರಾಜಧಾನಿಯಲ್ಲಿ ಅದಕ್ಕಿಂತ ದೊಡ್ಡ ಕ್ರೀಡಾ ಸ್ಮಾರಕ ಇಲ್ಲ.

ಕ್ರಿಕೆಟ್ ಯಾಕಲ್ಲ, ಫುಟ್‌ಬಾಲ್ ಯಾಕೆ? ಲೆಕ್ಕ ಸುಲಭ. ಕ್ರಿಕೆಟ್ಟಿಗೆ ಪಿಚ್ ಬೇಕು, ಪ್ಯಾಡ್ ಬೇಕು, ದಿನಗಟ್ಟಲೆ ಬಿಡುವು ಬೇಕು. ಫುಟ್‌ಬಾಲಿಗೆ ಒಂದು ಚೆಂಡು, ಇಪ್ಪತ್ತು ಕಾಲು. ಬೂಟೂ ಬೇಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ತಂಡದ ಬಹುಪಾಲು ಹುಡುಗರು ಆಡಿದ್ದು ಬರಿಗಾಲಲ್ಲಿ. 2-1ರಲ್ಲಿ ಸೋತರೂ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದಕ್ಕೂ ಮುಂಚೆ 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ತಂದಿತ್ತು. 1968-69ರ ನಂತರ ಅದೇ ಟ್ರೋಫಿ ಮತ್ತೆ ನಮ್ಮ ಕೈ ಸೇರಿದ್ದು 2023ರಲ್ಲಿ, ರಿಯಾದ್‌ನಲ್ಲಿ. ಮಧ್ಯೆ ಐವತ್ತು ವರ್ಷಕ್ಕೂ ಮಿಕ್ಕಿ ಕಳೆದುಹೋಯ್ತು. ನಗರದ ಬಯಲುಗಳೂ ಅಷ್ಟೇ, ಕಳೆದುಹೋದವು.

ಶಾಲೆ ಒಳಗಿನ ಪದ್ಧತಿ ಬೇರೆ. ಇಂಗ್ಲಿಷ್ ಮಾದರಿ ಶಾಲೆಗಳಲ್ಲಿ ಆಟ ಅನ್ನೋದು ಪಾಠದಷ್ಟೇ ಮುಖ್ಯ. ಮಕ್ಕಳನ್ನ ಹೌಸ್‌ಗಳಾಗಿ ಹಂಚಿ ಪಂದ್ಯ ಇಡ್ತಾರೆ, ವರ್ಷಕ್ಕೊಮ್ಮೆ ಸ್ಪೋರ್ಟ್ಸ್ ಡೇ, ಬೇರೆ ಶಾಲೆಗಳ ಜೊತೆ ಶೀಲ್ಡ್‌ಗೆ ಪೈಪೋಟಿ. ಹುಡುಗ ಹತ್ತು ವರ್ಷ ಅದರಲ್ಲೇ ಬೆಳೀತಾನೆ. ದ್ರಾವಿಡ್ 1991ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ 82 ಹೊಡೆದಾಗ ಇನ್ನೂ ಹದಿನೆಂಟು ವರ್ಷ. ನಮ್ಮ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದ್ರೆ ಗಣಿತದ ಮೇಷ್ಟ್ರು ಒಳಗೆ ಬರೋರು, ಇಲ್ಲಾಂದ್ರೆ ನಾವು ಗಿಡಕ್ಕೆ ನೀರು ಹೊರಬೇಕಿತ್ತು.

ಸಂಜೆ ಕೆರೆ ಅಂಗಳದಲ್ಲಿ ಆಡೋವಾಗಲೂ ಬ್ಯಾಟು ಊರಿನ ಹುಡುಗರದ್ದು. ಕೇರಿ ಹುಡುಗರು ಬೌಲಿಂಗ್ ಮಾಡೋದು, ಜಾಲಿ ಮುಳ್ಳಲ್ಲಿ ಬಿದ್ದ ಚೆಂಡು ಹೆಕ್ಕೋದು. ನಮ್ಮ ಬ್ಯಾಟಿಂಗ್ ಬರೋ ಹೊತ್ತಿಗೆ ಕತ್ತಲಾಗಿರೋದು!

ಬಹಳ ವರ್ಷದ ಮೇಲೆ ಪಾಲ್ವಂಕರ್ ಬಾಳೂ ಬಗ್ಗೆ ಓದಿದಾಗ ಇದು ನಮ್ಮೂರಿಗೆ ಮಾತ್ರ ಸೇರಿದ ವಿದ್ಯೆ ಅಲ್ಲ ಅಂತ ಗೊತ್ತಾಯ್ತು. ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ನೋಡ್ಕೊಳ್ಳೋ ಕೆಲಸ. ಗ್ರೆಗ್ ಅನ್ನೋ ಅಧಿಕಾರಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿದ್ರೂ ಬ್ಯಾಟ್ ಮುಟ್ಟೋಕೆ ಬಿಡ್ಲಿಲ್ಲ. ಹಿಂದೂ ತಂಡಕ್ಕೆ ಆಡೋವಾಗ ಅವನಿಗೆ ಟೀ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ, ಆದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಕೊಡ್ಲಿಲ್ಲ. (1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನೋರು ಇದೇ ಬಾಳೂನ ಬಾಬಾಸಾಹೇಬರ ಎದುರು ನಿಲ್ಲಿಸಿದರು. ಸೋತ. ಅದು ಬೇರೆ ಕತೆ, ಇನ್ನೊಂದು ದಿನ ಬರೀತೀನಿ.)

ಮಿಷನರಿಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಅಕ್ಷರ ಮುಟ್ಟೋದೇ ಪಾಪ ಅಂದ ನಾಡಿನಲ್ಲಿ ನಮ್ಮವರಿಗೆ ಮೊದಲು ಸ್ಲೇಟು ಕೊಟ್ಟವರಲ್ಲಿ ಅವರೂ ಇದ್ದಾರೆ. ನನ್ನ ಪ್ರಶ್ನೆ ಈಗಿನ ಕಾನೂನಿನ ಮೇಲೆ. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ನಮ್ಮಂಥವರ ಮಕ್ಕಳಿಗೆ ಅಂದಿತು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆಯೇ ಅನ್ವಯ ಆಗಲ್ಲ ಅಂದಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪು ಸರಿಯೇ ಅಂತ ಸಂಶಯ ಎತ್ತಿದ್ದಾರೆ. ಅಲ್ಪಸಂಖ್ಯಾತರ ಹಕ್ಕು ಉಳೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹಕ್ಕಿನ ನೆರಳಲ್ಲಿ ನಗರದ ನಡುವಿನ ಶಾಲೆ, ಅದರ ಮೈದಾನ ಯಾರ ಪಾಲಾಗ್ತಿದೆ? ಚರ್ಚಿನಲ್ಲೇ ಇರೋ ನಮ್ಮ ದಲಿತ ಕ್ರೈಸ್ತರ ಮಕ್ಕಳು ಎಷ್ಟು ಜನ ಇಂಥ ಶಾಲೆಗಳ ತಂಡದಲ್ಲಿದ್ದಾರೆ? ಚರ್ಚಿನೋರೇ ಲೆಕ್ಕ ಕೊಡಲಿ.

ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಲೇಬೇಕು ಅಂತಲೂ ಇದೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಒಂದು ಗುಂಟೆಗೂ ಬಂಗಾರದ ಬೆಲೆ. ಸರ್ಕಾರಿ ಶಾಲೆ ಬಯಲಿನ ಮೇಲೆ ಕಣ್ಣು ಬೀಳದೆ ಇರುತ್ತಾ? ನಿಮ್ಮೂರ ಶಾಲೆಯ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ, ಜಾಗ ಶಾಲೆ ಹೆಸರಲ್ಲಿದೆಯಾ ನೋಡಿ. ಇಲ್ಲದಿದ್ರೆ ಎಸ್‌ಡಿಎಂಸಿಯಿಂದ ಠರಾವು ಮಾಡಿಸಿ ತಹಸೀಲ್ದಾರರಿಗೂ ಬಿಇಒಗೂ ಅರ್ಜಿ ಹಾಕಿ, ಅಳತೆ ಮಾಡಿಸಿ ಹದ್ದುಬಸ್ತು ಮಾಡಿಸಿ. ಸ್ವೀಕೃತಿ ಪತ್ರ ಇಸ್ಕೊಳ್ಳೋದು ಮರೀಬೇಡಿ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದುಕೊಡ್ತೀನಿ. ಗುಮಾಸ್ತನಿಗೆ ಬರೋ ಕೆಲಸ ಅದೇ ತಾನೇ.